ಇನ್‌ಚಾರ್ಜ್ ಸಾಹೇಬರ ಪಟ್ಟ

ಎಪ್ಪತ್ತರ ದಶಕದ ಮೊದಲಲ್ಲಿ ಚಿತ್ರದುರ್ಗದ ಹೊರಗೆ, ಹೊಳಲ್ಕೆರೆ ರಸ್ತೆಯಲ್ಲಿ, ಸಾಬೂನು ಕಂಪನಿಯೊಂದರ ಸಂಶೋಧನಾಲಯವಿತ್ತು. ಹೊಂಗೆ ಎಣ್ಣೆಯ ಬಣ್ಣ, ವಾಸನೆ ತೆಗೆದು ಅದನ್ನು ಮೈಸೋಪಿಗೆ ಒಗ್ಗಿಸುವುದು ಅಲ್ಲಿನ ಕೆಲಸ. ಬಿ.ಎಸ್ಸಿ. ಮುಗಿಸಿದ ನಾನು ಅಲ್ಲಿ ಕೆಮಿಸ್ಟ್ ಆಗಿ ಸೇರಿದೆ. ಬಣ್ಣವೇನೋ ಹೋಗುತ್ತಿತ್ತು, ವಾಸನೆ ಜಗ್ಗುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ತಡೆದು ನನ್ನನ್ನು ಬಚ್ಚಲಿಗೆ ಅಟ್ಟುತ್ತಿದ್ದಳು.

ನಮ್ಮ ಡೈರೆಕ್ಟರುಗಳೆಲ್ಲ ಮುಂಬಯಿಯ ಹೆಡ್ ಆಫೀಸು ಕಳಿಸಿದವರು. ಮೊದಲನೆಯವರು ಎಣ್ಣೆಯ ವಿಷಯ ಅರಗಿಸಿಕೊಂಡಿದ್ದ ಹಿರಿಯರು. ಲ್ಯಾಬು ಕಟ್ಟಿದವರು ಅವರೇ. ಆದರೆ ಇಲ್ಲಿನ ಬಿಸಿಲು ಅವರ ಹೆಂಡತಿಗೆ ಆಗಿಬರಲಿಲ್ಲ, ಹೊರಟುಹೋದರು. ಎರಡನೆಯವರಿಗೆ ಶಿಸ್ತಿನ ಹುಚ್ಚು. ಕಾಂಪೌಂಡಿನ ಬಂಡೆಗಳಿಗೆಲ್ಲ ಸುಣ್ಣ ಬಳಿಸಿದರು, ಗುಲಾಬಿ ಹಾಕಿಸಿದರು. ಹೊಂಗೆ ಎಣ್ಣೆಯನ್ನು ಒಮ್ಮೆಯಾದರೂ ಮೂಸಿ ನೋಡಿದರೋ ಇಲ್ಲವೋ, ನನಗೆ ಅನುಮಾನ. ಅವರಿಗೂ ಬೇರೆ ಕಡೆ ಒಳ್ಳೆಯ ಜಾಗ ಸಿಕ್ಕಿತು.

ಒಬ್ಬರು ಹೋಗಿ ಇನ್ನೊಬ್ಬರು ಬರುವ ತನಕ ಲ್ಯಾಬನ್ನು ನಡೆಸುತ್ತಿದ್ದವರು ನಮ್ಮ ಹಿರಿಯ ಕೆಮಿಸ್ಟರು. ಹಿರೇಗುಂಟನೂರಿನ ಕಡೆಯ, ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಓದಿ ಮೇಲೆ ಬಂದವರು. ಕಂಪನಿ ಅವರನ್ನು ಪ್ರತಿಸಲವೂ 'ಇನ್‌ಚಾರ್ಜ್' ಮಾಡುತ್ತಿತ್ತು. ಕೆಲಸಗಾರರ ಬಾಯಲ್ಲಿ ಅವರ ಹೆಸರೇ ಇನ್‌ಚಾರ್ಜ್ ಸಾಹೇಬರು ಎಂದಾಗಿಹೋಯಿತು. ಹೊಸ ಡೈರೆಕ್ಟರು ಚಿಕ್ಕಜಾಜೂರಿನಲ್ಲಿ ರೈಲು ಇಳಿಯುವಾಗ ಹಾರ ಹಿಡಿದು ನಿಲ್ಲುತ್ತಿದ್ದವರೂ ಅವರೇ. ಈ ಸಲವಾದರೂ ಅವರನ್ನು ಡೈರೆಕ್ಟರ್ ಮಾಡುತ್ತಾರೆಂದು ನಾವು ಕಾದೆವು. ಅವರೂ ಕಾದಿದ್ದರು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಎರಡನೆಯವರು ಹೋದ ಮೇಲೆ ಕಂಪನಿಯ ಮಾಲೀಕರು ತಾವೇ ಬಂದು ನೋಡಿ ತೀರ್ಮಾನಿಸುತ್ತಾರೆಂದು ಸುದ್ದಿ ಬಂತು. ನನಗೆ ಒಂದೇ ಚಿಂತೆ. ಇನ್‌ಚಾರ್ಜ್ ಸಾಹೇಬರು ಡೈರೆಕ್ಟರ ಕುರ್ಚಿಯಲ್ಲಿ ಯಾವತ್ತೂ ಕೂರುತ್ತಿರಲಿಲ್ಲ. ಅದೇ ಮೇಜಿನ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಕಾಗದಗಳಿಗೆ ಸಹಿ ಮಾಡುತ್ತಿದ್ದರು.

"ಸರ್, ಇವತ್ತೊಂದಿನ ಆ ಕುರ್ಚೀಲಿ ಕುಂತ್ಕಳ್ರಿ" ಎಂದು ಕೇಳಿಕೊಂಡೆ.

"ನಮ್ಮ ಹಟ್ಟೀಲಿ ಹಿರೇರ ಕಂಬಳಿ ಮ್ಯಾಲೆ ಯಾರೂ ತಾವಾಗೇ ಹೋಗಿ ಕುಂತ್ಕಳಲ್ಲ ಕಣಮ್ಮ. ನಾಕು ಜನ ಕೈ ಹಿಡ್ದು ಕುಂಡ್ರಿಸ್ಬೇಕು. ತಾನಾಗೇ ಕುಂತೋನ್ನ ಜನ ಏನಂತಾರೆ?"

"ಮಾಲೀಕರಿಗೆ ನಿಮ್ಮ ಹಟ್ಟಿ ವಿಚಾರ ಎಲ್ಲಿ ಗೊತ್ತೈತೆ ಸರ್?"

ಅವರು ನಕ್ಕು ತಮ್ಮ ಸ್ಟೂಲನ್ನು ಎಳೆದುಕೊಂಡರು. ಮಾಲೀಕರು ಬಂದಾಗ ಕುರ್ಚಿ ಖಾಲಿ, ಸಾಹೇಬರು ಸ್ಟೂಲಿನ ಮೇಲೆ. ಇಲ್ಲಿನ ಯಜಮಾನರು ಯಾರು ಎಂದು ಮಾಲೀಕರು ಇಂಗ್ಲಿಷಿನಲ್ಲಿ ಕೇಳಿದರೆ, ಆ ಜಾಗ ಖಾಲಿಯಿದೆ ಎಂದು ಇವರು ಉತ್ತರ ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಕೆಲಸ ಬಲ್ಲ, ಆಳುವ ಗಂಡಸಲ್ಲ ಎಂದು ಮಾಲೀಕರು ಜೀಪಿನಲ್ಲಿ ಹೇಳಿದ್ದನ್ನು ಡ್ರೈವರು ನಮಗೆ ಬಂದು ಒಪ್ಪಿಸಿದ. ಮೂರನೆಯ ಡೈರೆಕ್ಟರು ಬಂದರು. ಚಿಕ್ಕಜಾಜೂರಿನಲ್ಲಿ ಹಾರ ಹಾಕಿದವರು ಯಾರೆಂದು ಹೇಳಬೇಕಾಗಿಲ್ಲ.

ಈ ಮೂರನೆಯವರು ಚುರುಕು. ಪರದೇಶದ ತಾಳೆಎಣ್ಣೆ ಅಗ್ಗಕ್ಕೆ ಸಿಗುವ ಕಾಲ ಬಂತು, ಹೊಂಗೆಗೆ ಇನ್ನು ಭವಿಷ್ಯವಿಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿದುಕೊಂಡರು. ಸದ್ದಿಲ್ಲದೆ ಬೇರೆ ಕಂಪನಿ ಸೇರಿಕೊಂಡರು.

ತುರ್ತು ಪರಿಸ್ಥಿತಿ ಮುಗಿದ ಹೊಸದು. ನಾವು ನಿರೀಕ್ಷೆಯನ್ನೇ ಬಿಟ್ಟಿದ್ದಾಗ ಹೆಡ್ ಆಫೀಸು ಇನ್‌ಚಾರ್ಜ್ ಸಾಹೇಬರನ್ನು ಡೈರೆಕ್ಟರ್ ಮಾಡಿತು. ಆ ದಿನದ ಸಂಭ್ರಮ ಹೇಳತೀರದು. ಬಾಯ್ಲರಿನ ಕೆಲಸದವನು ತನ್ನ ಮನೆಯಿಂದ ಹೊಸ ಕರಿ ಕಂಬಳಿ ತಂದು ಆ ಕುರ್ಚಿಯ ಮೇಲೆ ಹಾಸಿದ. ಅವನೊಂದು ಕೈ, ನಾನೊಂದು ಕೈ ಹಿಡಿದು ಸಾಹೇಬರನ್ನು ಕೂರಿಸಿದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದೆವು. ಸಾಹೇಬರ ಕಣ್ಣು ಒದ್ದೆಯಾಗಿತ್ತು. ಜೀವನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯಿಂದ ಅವತ್ತು ಮನೆಗೆ ಹೋದೆ.

ಮರುವಾರ ಮುಂಬಯಿಯಿಂದ ಒಬ್ಬ ಅಧಿಕಾರಿ ಬಂದ. ಲ್ಯಾಬು ಮುಚ್ಚುತ್ತೇವೆ, ಕೆಲಸದಿಂದ ತೆಗೆಯುವ ಆದೇಶಗಳಿಗೆ ಡೈರೆಕ್ಟರ ಸಹಿ ಬೇಕು, ಇನ್‌ಚಾರ್ಜ್ ಆದವರ ಸಹಿ ನಡೆಯುವುದಿಲ್ಲ ಎಂದು ನಮ್ಮೆದುರಿಗೇ ಹೇಳಿದ. ಬಡ್ತಿ ಕೊಟ್ಟದ್ದು ಯಾಕೆಂದು ಆಗ ತಿಳಿಯಿತು.

"ಸಹಿ ಹಾಕ್ಬ್ಯಾಡ್ರಿ ಸರ್. ರಾಜೀನಾಮೆ ಬಿಸಾಕಿ ಹೋಗ್ರಿ. ಅವರೇ ಬಂದು ಮುಚ್ಕಳ್ಳಿ" ಎಂದೆ.

"ನಾನು ಹೋದ್ರೆ ಈ ಕೆಲಸದೋರಿಗೆ ಬರಬೇಕಾದ ದುಡ್ಡನ್ನ ಯಾರಮ್ಮ ಕೇಳ್ತಾರೆ?"

ಸಹಿ ಹಾಕಿದರು. ಆದರೆ ಒಂದು ಆದೇಶವನ್ನೂ ಅಂಚೆಗೆ ಹಾಕಲು ಬಿಡಲಿಲ್ಲ. ಹೊಸದುರ್ಗದ ತನಕ ಬಸ್ಸಿನಲ್ಲಿ ತಿರುಗಿ ಒಬ್ಬೊಬ್ಬರ ಮನೆಗೂ ತಾವೇ ಹೋಗಿ ಕೊಟ್ಟುಬಂದರು. ನಮ್ಮ ಮನೆಗೂ ಬಂದರು. ಅಮ್ಮ ಕಾಫಿ ಕೊಟ್ಟಳು. ನಾನು ಅವರ ಮುಖ ನೋಡಲಿಲ್ಲ. ಸಿಟ್ಟು ಮುಂಬಯಿಯ ಮೇಲಿತ್ತು, ತೀರಿಸಿಕೊಳ್ಳಲು ಸಿಕ್ಕವರು ಇವರು.

ಮತ್ತೆ ಅವರನ್ನು ಕಂಡದ್ದು ಕೆಲವು ವರ್ಷಗಳ ಮೇಲೆ, ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಮೇಡಂ ಆಗಿದ್ದೆ. ಅವರು ತೆಂಗಿನಕಾಯಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಇಬ್ಬರೂ ಮಾತಾಡುತ್ತ ನಿಂತಿದ್ದಾಗ ಬಾಯ್ಲರ್ ಕೆಲಸದವನ ಹೆಂಡತಿ ಎದುರಾದಳು. ಗಂಡನಿಗೆ ಕೆಲಸ ಸಿಗದೆ ಈಗ ಅವಳೇ ಕೂಲಿಗೆ ಹೋಗುತ್ತಿದ್ದಳು.

"ನಮ್ ಲ್ಯಾಬು ಮುಚ್ಚಿದೋನು ನೀನೇ ಅಲ್ಲೇನಪ್ಪ?" ಎಂದು ಜನರ ನಡುವೆ ಕೇಳಿದಳು.

ನಡೆದದ್ದನ್ನು ಈಗಲಾದರೂ ಹೇಳುತ್ತಾರೆಂದು ಕಾದೆ. ಮುಂಬಯಿಯ ಹೆಸರೆತ್ತಿದ್ದರೂ ಸಾಕಿತ್ತು.

"ಹೂಂ ಕಣವ್ವ. ಆವಾಗ ನಾನೇ ಡೈರೆಕ್ಟರ್ ಆಗಿದ್ದೆ" ಎಂದರು.

ಅವಳು ನೆಲಕ್ಕೆ ಉಗಿದು ಹೋದಳು. ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ನನ್ನ ಬಸ್ಸು ಯಾವ ಕಡೆಯಿಂದ ಬರುತ್ತದೆಂದು ನೋಡತೊಡಗಿದರು.