ಕಾಶೆವ್ವ ಮತ್ತು ಎಲುಬು ಹಾಯುವ ಬೆಳಕು

ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿ ಇಟ್ಟಿದ್ದ ಕಾಶೆವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಧಾರವಾಡದಿಂದ ವಾರಕ್ಕೊಮ್ಮೆ ಬರುತ್ತಿದ್ದ ಪತ್ರಿಕೆಯೊಂದಿಗೆ ಅವಳಷ್ಟು ಜಗಳಾಡಿದವರು ಆ ಪೇಟೆಯಲ್ಲೇ ಯಾರೂ ಇರಲಿಲ್ಲ. ಎದುರಿನ ಸಿಂಪಿಗ ಯಲ್ಲಪ್ಪ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವನು. ಇವಳು ಒಳಗೆ ಅಂಟು ಹುರಿಯುತ್ತಲೇ ಉತ್ತರ ಕೊಡುವಳು. ಗಂಡ ತೀರಿದ ಮೇಲೆ ಅದೇ ಕಡಾಯಿಯ ಮುಂದೆ ಕೂತು ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದಳು, ಮಗ ವೀರಪ್ಪನಿಗೆ ಧಾರವಾಡದಲ್ಲಿ ಸಾಲಿ ಕಲಿತ ಇಂದ್ರವ್ವನನ್ನು ತಂದುಕೊಂಡಿದ್ದಳು.

ಪತ್ರಿಕೆಯಲ್ಲಿ ಅವಳಿಗೆ ಬೇಕಾದದ್ದು ಓದುಗರ ಪತ್ರಗಳು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಒಬ್ಬ ಬರೆದರೆ, ಮುಂದಿನ ವಾರ ಇನ್ನೊಬ್ಬ ಅವನ ಮೇಲೆ ಏರಿಹೋಗುವನು. ಆ ವರ್ಷವೆಲ್ಲ ಜಗಳ ನಡೆದದ್ದು ಎಕ್ಸರೇ ಮೇಲೆ.

"ಮಿರಜದ ದವಾಖಾನ್ಯಾಗ ಐತ್ರಿ ಕಾಶೆವ್ವಕ್ಕಾ, ಮೈ ಕೊಯ್ಯದ ಒಳಗಿಂದೆಲ್ಲಾ ತೋರಸ್ತೈತಿ," ಎಂದ ಯಲ್ಲಪ್ಪ.

"ಎಲುಬ ಹಾಯೂ ಬೆಳಕು ಎಲುಬಿನ ಸತ್ವ ಹಂಗ ಬಿಟ್ಟ ಹೋಗ್ತೈತೇನೋ? ನೋಡದ ನಾ ಏನೂ ನಂಬಂಗಿಲ್ಲ."

ಅದು ನಿಜವೇ. ವೀರಪ್ಪ ಬೆಳಗಾವಿಯಿಂದ ಗ್ರಾಮೋಫೋನ್ ತಂದ ದಿನ ಅವಳು ಪೆಟ್ಟಿಗೆಯನ್ನು ಬೋರಲು ಹಾಕಿ ನೋಡಿದ್ದಳು. "ಒಳಗ ಕುಂತ ಹೆಣ್ಮಗಳಿಗಿ ಉಸರ ಹ್ಯಾಂಗ ಆಡ್ತೈತಿ?" ಎಂದು ಕೇಳಿ ಮಗನನ್ನು ನಗಿಸಿದ್ದಳು. ಇಂದ್ರವ್ವನಿಗೆ ಮಾತ್ರ ಆ ಪೆಟ್ಟಿಗೆಯ ಮೊನೆಯಾದ ಸೂಜಿಯದೇ ಚಿಂತೆ. ಮಗ ಬಾಳು ಅಂಬೆಗಾಲಿಡುತ್ತಿದ್ದ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಸೂಜಿಯ ಡಬ್ಬಿಯನ್ನು ಅವಳು ಗೋಡೆಯ ಎತ್ತರದ ಮಾಡದಲ್ಲಿ ಇಟ್ಟಿದ್ದಳು.

ದಸರೆಯ ಖಂಡೇಪೂಜೆಯ ದಿನ ಕಾಶೆವ್ವ ನಸುಕಿನಲ್ಲೇ ದೇವರ ಜಗಲಿಯ ಮೇಲೆ ಸೌಟು, ತಕ್ಕಡಿ, ಅಡಕೊತ್ತು ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂ ಮುಚ್ಚಿದಳು. ಮಗಳಿಗೆ ಹಬ್ಬದ ಬುತ್ತಿ ಕಟ್ಟಿಕೊಂಡು, ಹೊತ್ತು ಮುಳುಗುವುದರೊಳಗೆ ಬರುತ್ತೇನೆಂದು ಹುಕ್ಕೇರಿಯ ಮೋಟಾರು ಹತ್ತಿದಳು. ಮಧ್ಯಾಹ್ನ ಇಂದ್ರವ್ವ ಹೋಳಿಗೆಗೆ ಕಣಕ ನಾದಿ ಹೊರಗೆ ಬಂದು ನೋಡಿದರೆ, ಬಾಳು ಗ್ರಾಮೋಫೋನಿನ ಬಾಜೂ ಕೂತು ಬಾಯಿ ಆಡಿಸುತ್ತ ಕೆಮ್ಮುತ್ತಿದ್ದ. ಪೆಟ್ಟಿಗೆಯ ತೋಳಿನಲ್ಲಿ ಸೂಜಿ ಇರಲಿಲ್ಲ. ತಿರುಪು ಸಡಿಲಾಗಿ ಜೋತಾಡುತ್ತಿತ್ತು.

ಬಾಯಲ್ಲಿ ಬೆರಳು ಹಾಕಿ ತಡಕಾಡಿದಳು. ಏನೂ ಇಲ್ಲ. ಚಾಪೆ ಝಾಡಿಸಿದಳು. ಅಲ್ಲೂ ಇಲ್ಲ. ಕಣಕದ ಕೈಯಲ್ಲೇ ಕೂಸನ್ನೆತ್ತಿಕೊಂಡು ಕಟ್ಟೆಗೆ ಓಡಿದಳು.

ಕಟ್ಟೆಯಲ್ಲಿ ವೀರಪ್ಪ, ಯಲ್ಲಪ್ಪ, ಇನ್ನೂ ನಾಲ್ಕು ಮಂದಿ. ಸುದ್ದಿ ಕೇಳಿದ್ದೇ ವಾದ ಶುರುವಾಯಿತು.

"ಬಾಳಿಹಣ್ಣ ತಿನಸ್ರಿ, ಸುತ್ತಿಕೊಂಡ ಹೊರಗ ಬರ್ತೈತಿ."

"ಹುಚ್ಚಪ್ಪಾ, ಅದೇನ ಗೋಲಿಗುಂಡ? ಕರಳ ಹರೀತೈತಿ. ಮಿರಜಕ್ಕ ಒಯ್ರಿ, ಎಕ್ಸರೇ ತಗಸ್ರಿ."

"ಹೋದ ವಾರ ಕೇಳ್ಲಿಲ್ಲೇನು? ಕೂಸಿನ ಮೈಯಾಗ ಆ ಬೆಳಕ ಹಾದ್ರ ಬೆಳವಣಗಿ ನಿಂತಬಿಡ್ತೈತಂತ."

"ಅದಕ್ಕ ಉತ್ತರಾನೂ ಬಂದೈತಿ, ತಡಿ, ಓದತೇನಿ," ಎಂದು ಯಲ್ಲಪ್ಪ ಪತ್ರಿಕೆ ಬಿಡಿಸತೊಡಗಿದ.

"ನಿಮ್ಮ ವಾದ ಮುಗಿಯೂದ್ರಾಗ ನನ್ನ ಕೂಸು..." ಎಂದು ಇಂದ್ರವ್ವ ಕೂಸನ್ನು ಗಂಡನ ಮುಂದೆ ಹಿಡಿದಳು.

ವೀರಪ್ಪ ಮೆಲ್ಲಗೆ, "ಯವ್ವ ಬರ್ಲಿ. ಆಕೀಗಿ ಆ ಯಂತ್ರ ಅಂದ್ರ ಆಗಂಗಿಲ್ಲ," ಎಂದ. ಹೆಂಡತಿಯ ಮುಖ ನೋಡಿದವನೇ ಎದ್ದು ಟಾಂಗಾ ತರಲು ಹೋದ.

ಮಿರಜದ ರೈಲು ಹಿಡಿಯಲು ಘಟಪ್ರಭಾ ಸ್ಟೇಶನ್ನಿಗೆ ಹೋಗುವ ದಾರಿಯುದ್ದಕ್ಕೂ ಟಾಂಗಾ ಕುಲುಕಿದಾಗೆಲ್ಲ ಆ ಸೂಜಿ ಇಂದ್ರವ್ವನ ಹೊಟ್ಟೆಯಲ್ಲೇ ಚುಚ್ಚಿದಂತಾಗುತ್ತಿತ್ತು. ಬಾಳು ಕುದುರೆಯ ಬಾಲ ನೋಡಿ ಕೇಕೆ ಹಾಕುತ್ತಿದ್ದ. ಅವನು ನಕ್ಕಷ್ಟೂ ಅವಳಿಗೆ ಅಳು.

ಸ್ಟೇಶನ್ನಿನ ಮುಂದೆ ಇಳಿಯುವಷ್ಟರಲ್ಲಿ ಹುಕ್ಕೇರಿಯ ಮೋಟಾರೂ ಬಂದು ನಿಂತಿತು. ಇವರನ್ನು ಕಂಡು ಖಾಲಿ ಬುತ್ತಿಗಂಟು ಹಿಡಿದು ಇಳಿದವಳು ಕಾಶೆವ್ವ.

ಇಂದ್ರವ್ವ ಕೂಸನ್ನು ಎದೆಗೆ ಬಿಗಿಹಿಡಿದಳು. "ಬ್ಯಾಡ ಅನ್ನಬ್ಯಾಡ್ರಿ ಅತ್ತಿ. ಪೆಟ್ಟಿಗ್ಯಾಗಿನ ಸೂಜಿ ನುಂಗ್ಯಾನ. ನಾ ಎಕ್ಸರೇ ತಗಸಾಕಿನ."

"ಯಾವ ಸೂಜಿ?" ಕಾಶೆವ್ವ ಹಣೆ ಬಡಿದುಕೊಂಡಳು. "ಅಯ್ಯ ನಮ್ಮವ್ವಾ! ಅದನ್ನ ನಾನ ಬಿಚ್ಚೇನಿ. ಜಗಲಿ ಮ್ಯಾಲ ಐತಿ!"

"ಜಗಲಿ ಮ್ಯಾಲ ಯಾಕ್ರಿ?"

"ಖಂಡೇಪೂಜಿ ಅಲ್ಲೇನ? ಆ ಪೆಟ್ಟಿಗೀನೂ ನಮ್ಮನ್ಯಾಗ ದುಡೀತೈತಿ. ಜಗಲಿ ಮ್ಯಾಲ ಹಿಡೀಲಿಲ್ಲ, ಅದಕ್ಕ ಸೂಜಿ ತಗದ ಸೌಟಿನ ಬಾಜೂ ಇಟ್ಟೆ."

"ಡಬ್ಬ್ಯಾಗ ಹೊಸಾವು ಇದ್ದುವಲ್ಲ್ರಿ!"

"ದುಡದದ್ದಕ್ಕ ಪೂಜಿ. ಡಬ್ಬ್ಯಾಗ ಮಲಗಿದ್ದಕ್ಕ ಎಂಥಾ ಪೂಜಿ?"

ವೀರಪ್ಪ ಉಸಿರುಬಿಟ್ಟು ನಕ್ಕ. ಇಂದ್ರವ್ವ ನಗಲಿಲ್ಲ. ಆ ಯಂತ್ರದ ಹತ್ತಿರ ಕೂಸನ್ನು ಒಯ್ಯಬಾರದೆಂದು ಅತ್ತೆ ಈ ಮಾತು ಕಟ್ಟಿದ್ದರೆ? ಮನೆಗೆ ತಿರುಗಿ ಹೋಗುವುದರೊಳಗೆ ಸೂಜಿ ಕರುಳಿಗಿಳಿದರೆ?

ಕಾಶೆವ್ವ ಸೊಸೆಯ ಕಣ್ಣನ್ನೇ ನೋಡುತ್ತ ನಿಂತಳು. "ಮುದುಕಿ ಸುಳ್ಳ ಹೇಳಾಕತ್ತಾಳ ಅಂತ ಅನಸಾಕತ್ತೈತಿ, ಹೌದಲ್ಲ? ಇರ್ಲಿ. ನೋಡದ ನಂಬಂಗಿಲ್ಲ ಅಂತ ನಾನ ಅಂತೀನಿ, ನೀ ಯಾಕ ನಂಬಬೇಕು? ವೀರಪ್ಪಾ, ನನಗೂ ಒಂದ ಟಿಕೀಟ ತಗಿ."

"ಯವ್ವಾ, ನೀನೂ ಬರ್ತೀಯೇನು?"

"ಬರ್ತೇನಿ. ಆ ಬೆಳಕಿನ್ಯಾಗ ಮೊದಲ ನನ್ನ ಕೈ ಇಡತೇನಿ. ನನಗೇನೂ ಆಗಲಿಲ್ಲಂದ್ರ ಆಮ್ಯಾಗ ಕೂಸಿಂದ ತಗಸೂಣು."

ಗಾಡಿ ಬರುವ ಗಂಟೆ ಬಾರಿಸಿದರು. ಕಾಶೆವ್ವ ಆಗಲೇ ಸೀರೆಯ ಸೆರಗು ಸಿಗಿಸಿಕೊಂಡು ಪ್ಲಾಟ್‌ಫಾರ್ಮಿನತ್ತ ನಾಲ್ಕು ಹೆಜ್ಜೆ ಹಾಕಿದ್ದಳು. ಎಲುಬಿನ ಸತ್ವ ಹೋಗುತ್ತದೆಂದು ಖರೇನೇ ನಂಬಿದ ಹೆಂಗಸು ಕೈ ಇಡಲು ಹೊರಟು ನಿಂತಿದ್ದಾಳೆ. ತಡೆಯಬೇಕೆಂದು ಸುಳ್ಳು ಹೇಳುವವರು ಹೀಗೆ ಮುಂದಾಗಿ ನಡೆಯುವುದಿಲ್ಲ. ಇಂದ್ರವ್ವ ಹಿಂದಿನಿಂದ ಹೋಗಿ ಅತ್ತೆಯ ಸೆರಗು ಹಿಡಿದಳು.

"ಬ್ಯಾಡ್ರಿ ಅತ್ತಿ. ಮನಿಗಿ ಹೋಗೂಣು."

ಮನೆಗೆ ಬಂದು ಕಾಶೆವ್ವ ಜಗಲಿಯ ಚೆಂಡುಹೂವನ್ನು ಒಂದು ಬೆರಳಿನಿಂದ ಸರಿಸಿದಳು. ಸೌಟಿಗೂ ಅಡಕೊತ್ತಿಗೂ ನಡುವೆ ವಿಭೂತಿ ಮೆತ್ತಿಕೊಂಡ ಸೂಜಿ ಮಲಗಿತ್ತು. ಇಂದ್ರವ್ವ ಕೈ ಚಾಚಿದಳು.

"ಮುಟ್ಟಬ್ಯಾಡ. ನಾಳಿ ಬನ್ನಿ ಮುಡಿಯೂತನಾ ಎತ್ತಂಗಿಲ್ಲ. ಕಣ್ಣಲೆ ನೋಡ."

ಇಂದ್ರವ್ವ ನೋಡಿದಳು, ಮತ್ತೆ ನೋಡಿದಳು, ಅಳುತ್ತಲೇ ನಕ್ಕಳು. ಒಲೆಯ ಬಾಜೂ ಬಿಟ್ಟುಹೋದ ಕಣಕ ಒಣಗಿ ಕಲ್ಲಾಗಿತ್ತು, ಯಾರಿಗೂ ಬೇಜಾರಿರಲಿಲ್ಲ.

ಮುಂದಿನ ವಾರ ಯಲ್ಲಪ್ಪ ಎಕ್ಸರೇಯ ಹೊಸ ಪತ್ರವನ್ನು ಓದಲು ತೊಡಗಿದಾಗ, ಒಳಗಿನಿಂದ ಸೌಟು ಸಮೇತ ದನಿ ಬಂತು: "ಸುಮ್ಮನಿರೋ, ನಾ ಮಿರಜದ ಟಿಕೀಟ ತಗಸಾಕ ನಿಂತಾಕಿ. ನೀನೂ ನಿನ್ನ ಪೇಪರಿನಾಂವನೂ ಈ ಕಟ್ಟಿ ಬಿಟ್ಟ ಇಳದೀರೇನು?"

ಗ್ರಾಮೋಫೋನು ಹಾಡುತ್ತಿತ್ತು. ಇಂದ್ರವ್ವ ಬಾಳುವನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಸೂಜಿ ತೋಳಿನಲ್ಲೇ ಇರುವುದನ್ನು ಕಣ್ಣಾರೆ ಕಾಣುತ್ತಲೇ, ಅವನ ಬಾಯೊಳಗೆ ಮತ್ತೊಮ್ಮೆ ಬೆರಳಾಡಿಸಿದಳು. ಅವನು ಹೊಸ ಹಲ್ಲಿನಿಂದ ಗಟ್ಟಿಯಾಗಿ ಕಚ್ಚಿದ.