ಕತ್ತು ಬಗ್ಗಿಸಿದ ಕೊಕ್ಕರೆಗಳು

ಸವಣೂರಿನ ಪೇಟೆ ಚೌಕದ ಕಾರಂಜಿಯಲ್ಲಿ ಕತ್ತೆತ್ತಿ ನಿಂತಿದ್ದ ಮೂರು ಸಿಮೆಂಟಿನ ಕೊಕ್ಕರೆಗಳು ಖಾದರಸಾಬರ ಕೈಕೆಲಸ. ಹದಿನೆಂಟು ವರ್ಷದ ಹಿಂದೆ ವರ್ತಕರ ಮಂಡಳಿಯವರು ಮಾಡಿಸಿದ್ದು. ಕೊಕ್ಕಿನಿಂದ ನೀರು ಎರಡಾಳೆತ್ತರ ಚಿಮ್ಮುತ್ತಿತ್ತು. ಗೋಡೆ ಕಟ್ಟುವ ಗೌಂಡಿ ಕೆಲಸದಲ್ಲೇ ಆಯುಷ್ಯ ಸವೆಸಿದ ಅವರಿಗೆ ಊರಲ್ಲಿ ಹೆಸರು ತಂದುಕೊಟ್ಟದ್ದು ಅವೇ. ‘ಕೊಕ್ಕರಿ ಖಾದರಸಾಬ’ ಎಂದರೆ ಸಾಕು, ಜನ ಮನೆ ತೋರಿಸುತ್ತಿದ್ದರು.

ಹೋದ ವರ್ಷದ ಆಷಾಢದಲ್ಲಿ ಗಾಳಿ ಆ ನೀರನ್ನು ರಸ್ತೆಗೆ ಎರಚಿತು. ಬೈಕೊಂದು ಜಾರಿ ಬಂದು, ಅಂಚಿನಲ್ಲಿ ವೀಳ್ಯದೆಲೆ ಮಾರುತ್ತ ಕೂತಿದ್ದ ಸಾವಂತ್ರವ್ವನಿಗೆ ಬಡಿಯಿತು. ಆಕೆಯ ತೊಡೆಯ ಎಲುಬು ಮುರಿಯಿತು. ಯಾರೂ ಖಾದರಸಾಬರನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಅನ್ನಿಸಿತು ಅವರಿಗೆ. ಅಂದಿನಿಂದ ಚೌಕ ತಪ್ಪಿಸಿ, ಸುತ್ತು ದಾರಿ ಹಿಡಿದು ಮಸೀದಿಗೆ ಹೋಗತೊಡಗಿದರು.

ಯುಗಾದಿ ಮುಗಿದ ಮೇಲೆ ಮಂಡಳಿಯ ಅಧ್ಯಕ್ಷ ಜಗದೀಶ ಮನೆಗೇ ಬಂದ.

“ಬಂದ್ ಬಿದ್ದ ಕಾರಂಜಿ ಹೊಸ ನಮೂನಿ ಮಾಡಬೇಕ್ರಿ ಸಾಬ್ರ. ನಿಮ್ಮನ್ನ ಬಿಟ್ಟು ಯಾರ ಅದಾರ?”

ಖಾದರಸಾಬರು ಒಲ್ಲೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮುಮ್ತಾಜಬೇಗಂ, “ಮಾಡ್ತಾರ್ರಿ” ಎಂದುಬಿಟ್ಟಳು. ಗಂಡನ ಇಳಿಬಿದ್ದ ಮುಖ ನೋಡಿ ನೋಡಿ ಆಕೆಗೂ ಸಾಕಾಗಿತ್ತು.

ಮುಂದೆ ವಾರಗಟ್ಟಲೆ ಖಾದರಸಾಬರಿಗೆ ಊಟ ಸೇರಲಿಲ್ಲ. ಹಾಳೆಯ ಮೇಲೆ ಗೆರೆ ಎಳೆದರು, ಅಳಿಸಿದರು. ಹೇಗೆ ಬರೆದರೂ ನೀರು ರಸ್ತೆಗೆ ಹಾರಿದಂತೆಯೇ ಕಾಣುತ್ತಿತ್ತು. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಸಾವಂತ್ರವ್ವನ ಮನೆಗೆ ಹೋದರು. ಕೋಲೂರಿಕೊಂಡು ಬಾಗಿಲಿಗೆ ಬಂದವಳು, “ಬರ್ರಿ, ಕುಂಡ್ರಿ” ಎಂದಳು.

“ಅವ್ವಾ, ಚೌಕದಾಗ ಗಾಳಿ ಯಾವ ಕಡಿಂದ ಬರ್ತೈತಿ? ನನಗ ತಿಳಿವಲ್ದು.”

“ಇದನ್ನ ಮದಲ ಕೇಳಬೇಕಿತ್ತು ನೀವು!” ಸಾವಂತ್ರವ್ವನ ದನಿ ಏರಿತು. “ಎಲಿ ಬಾಡಬಾರದಂತ ಇಪ್ಪತ್ತು ವರ್ಷ ಗಾಳಿ ಕಾಯ್ಕೋತ ಕುಂತಾಕಿ ನಾನು. ಮಧ್ಯಾಹ್ನದ ತನಕ ಪಡುವಲ ಗಾಳಿ. ಆಮ್ಯಾಲ ಕಿರಾಣಿ ಓಣಿಯಾಗ ಹೊಕ್ಕು ಒಮ್ಮಿಗಲೇ ತಿರುಗಿ ಬರ್ತೈತಿ. ಮ್ಯಾಲ ಹಾರಿದ್ದನ್ನ ಅದು ಬಿಡಂಗಿಲ್ಲ. ನೀರು ಕೆಳಗ ಇಳೀಲಿ.”

ಒಂಬತ್ತು ತಿಂಗಳಿಂದ ಕಾದಿದ್ದ ಬೈಗುಳ ಅದು. ಖಾದರಸಾಬರ ಕಣ್ಣು ತುಂಬಿ ಬಂತು.

ತಾವೇ ಮಾಡಿದ ಕತ್ತುಗಳನ್ನು ತಾವೇ ಉಳಿ ಹಿಡಿದು ಒಡೆದರು. ಹೊಸ ಕತ್ತುಗಳು ನೀರು ಕುಡಿಯುವಂತೆ ಬಗ್ಗಿದವು. ನಡುವೆ ಒಂದು ಕಲ್ಲಿನ ಕೊಡ. ಅದರಿಂದ ತುಳುಕಿದ ನೀರು ರೆಕ್ಕೆಗಳ ಮೇಲೆ ಜಾರಿ ತೊಟ್ಟಿಗೆ ಇಳಿಯುವಂತೆ ಕೂಡಿಸಿದರು.

ನೀರು ಬಿಡುವ ದಿನ ಆಷಾಢದ ಗಾಳಿ ಅಂಗಡಿಯ ತಗಡುಗಳನ್ನು ಬಡಿಯುತ್ತಿತ್ತು. ಜನ ನೆರೆದರು. ನೀರು ಕೊಡದಿಂದ ತುಳುಕಿ ಸದ್ದಿಲ್ಲದೆ ಕೆಳಗಿಳಿದದ್ದು ಕಂಡು ಜಗದೀಶನ ಮುಖ ಸಣ್ಣದಾಯಿತು.

“ಇಷ್ಟನ? ವಾಲ್ವ್ ಒಂದೀಟ ತಿರುವ್ರಿ, ಮ್ಯಾಲ ಏಳಲಿ. ಮಂದಿ ನೋಡಾಕತ್ತಾರ.”

“ಏಳಂಗಿಲ್ರಿ,” ಎಂದರು ಖಾದರಸಾಬರು. “ನೀರು ಮ್ಯಾಲ ಏರಿಸೂ ಕೊಳವೀನ ನಾ ಇಟ್ಟಿಲ್ಲ.”

ಯಾರೋ “ಇದು ಕಾರಂಜಿ ಅಲ್ಲ, ಸೋರೂ ನಳ” ಎಂದು ನಕ್ಕರು. ಅಷ್ಟರಲ್ಲಿ ಓಣಿಯ ಗಾಳಿ ತಿರುಗಿತು. ಖಾದರಸಾಬರು ರಸ್ತೆಗೆ ಓಡಿ, ಕುಕ್ಕರಗಾಲಲ್ಲಿ ಕೂತು ಡಾಂಬರಿನ ಮೇಲೆ ಅಂಗೈ ಒತ್ತಿದರು. ಕೈಗೆ ಬರೀ ಧೂಳು ಹತ್ತಿತು. ಎದ್ದು ಇನ್ನೂ ನಾಲ್ಕು ಕಡೆ ಮುಟ್ಟಿ ನೋಡಿದರು. ಎಲ್ಲೂ ತೇವವಿರಲಿಲ್ಲ.

ಮರುತಿಂಗಳು ಸಾವಂತ್ರವ್ವ ಎಲೆಬುಟ್ಟಿಯೊಂದಿಗೆ ಚೌಕಕ್ಕೆ ಬಂದಳು. ರಸ್ತೆಯ ಅಂಚು ಬಿಟ್ಟು ತೊಟ್ಟಿಯ ಕಟ್ಟೆಗೆ ಒರಗಿ ಕೂತಳು. ಗಾಳಿ ಎದ್ದ ಮಧ್ಯಾಹ್ನಗಳಲ್ಲಿ ಖಾದರಸಾಬರು ಇಂದಿಗೂ ಬಂದು ರಸ್ತೆ ಮುಟ್ಟುತ್ತಾರೆ.

“ಒಣಗೇತ್ರಿ, ಹೋಗ್ರಿ ಮನಿಗೆ,” ಎನ್ನುತ್ತಾಳೆ ಆಕೆ.

“ಹೂಂನ್ರಿ,” ಎನ್ನುತ್ತಾರೆ. ಆದರೂ ಇನ್ನೊಂದು ಕಡೆ ಮುಟ್ಟಿ ನೋಡಿಯೇ ಹೋಗುತ್ತಾರೆ.