ಮಂಗನ ಹೆಣಕ್ಕೆ ಕಾವಲು

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ನಾಳೆಗೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ರಸ್ತೆ ಬದಿಯಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ತುಸು ದೂರದಲ್ಲಿ ಒಬ್ಬ ಹೆಂಗಸು ಕೋಲು ಹಿಡಿದು ರಸ್ತೆಗೆ ಅಡ್ಡ ನಿಂತಿದ್ದಳು. ಬಸ್ಸು ನಿಂತಿತು. ಅವಳೆದುರು ಅವಳ ಮೈದುನ, ಹೆಣಕ್ಕೆ ಹೊದಿಸುವ ಹೊಸ ಬಿಳಿ ಬಟ್ಟೆ, ತೆಂಗಿನಕಾಯಿ ಸಮೇತ. ಈ ಕಡೆಯ ಜನ ಸತ್ತ ಮಂಗವನ್ನು ಹೊತ್ತೊಯ್ದು ಮನುಷ್ಯರಂತೆಯೇ ಮಣ್ಣು ಮಾಡುತ್ತಾರೆ.

“ಹನುಮಂತನ್ನ ಬೀದೀಲಿ ಬಿಡಕ್ಕಾಗ್ತದಾ ಅತ್ತಿಗೆ?”

“ನಿನ್ನಣ್ಣನೂ ಹಿಂಗೇ ಸತ್ತ ಮಂಗನ್ನ ಹೊತ್ತ. ಮಂಗನ ಕಾಯಿಲೆ ಜ್ವರ ಬಂದು ತೀರ್ಕೊಂಡ. ಅದರ ಮೈಮೇಲಿನ ರಕ್ತ ಹೀರೋ ಉಣುಗು ನಿಂಗೂ ಕಚ್ಚಿದ್ರೆ, ನಿನ್ನ ಹೊರೋರು ಯಾರು?”

ದೇವರನ್ನೂ ಡಾಕ್ಟರನ್ನೂ ಪೂರ್ತಿ ನಂಬದ ನಾನು ಕಿಟಕಿಯಿಂದ, “ಅವರು ಹೇಳೋದು ಸರಿ” ಎಂದೆ.

“ನೀವು ಸುಮ್ನಿರಿ ಮಾರಾಯ್ರೆ, ನಿಮ್ಮನೆ ಮಂಗನಾ?” ಎಂದ ಮೈದುನ. ಬಸ್ಸಿಡೀ ನಕ್ಕಿತು.

ಅವಳು ನಗಲಿಲ್ಲ. “ಸಾಗರದಿಂದ ಡಾಕ್ಟ್ರ ಜೀಪು ಬರ್ತದೆ. ಪರೀಕ್ಷೆಗೆ ಅವರೇ ತಗೊಂಡು ಹೋಗ್ಲಿ. ಕಾಯಿ ಒಡೀಬೇಕಾ, ನಿಂತಲ್ಲೇ ಒಡಿ.”

ಡ್ರೈವರ್ ಬಸ್ಸನ್ನು ರಸ್ತೆಯ ಅಂಚಿಗೆ ಇಳಿಸಿ ಮುಂದೆ ಬಿಟ್ಟ. ತಿರುಗಿ ನೋಡಿದೆ. ಮೈದುನ ನಿಂತಲ್ಲೇ ಒಂದು ಕಲ್ಲಿಗೆ ಕಾಯಿ ಒಡೆದು, ಒಂದು ಹೋಳನ್ನು ಅತ್ತಿಗೆಯತ್ತ ಚಾಚಿದ್ದ. ಅದನ್ನು ತೆಗೆದುಕೊಳ್ಳಲೂ ಅವಳು ನಿಂತ ಜಾಗ ಬಿಟ್ಟು ಕದಲಲಿಲ್ಲ.